ಅಬರ್‌ಫೆಲ್ಡಿಯ ಅಡುಗೆಮನೆ

ಸ್ಕಾಟ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಎಡಿನ್‌ಬರೋ ಕೋಟೆಯ ವಿಷಯ. ಆಮೇಲೆ ನೆಸ್ ಸರೋವರ, ಸ್ಕೈ ದ್ವೀಪ. ನಾನು ಇವನ್ನು ನೋಡಲಿಲ್ಲ. 2024ರ ಮೇ ತಿಂಗಳ ಕೊನೆಯಲ್ಲಿ ಪರ್ತ್‌ಶೈರ್ ಸೀಮೆಯ ಅಬರ್‌ಫೆಲ್ಡಿ ಎಂಬ ಸಣ್ಣ ಪೇಟೆಯ ಹೊರಗೆ, ಕುರಿ ಸಾಕುವ ರೈತ ಕುಟುಂಬವೊಂದರ ಹಳೆಯ ಕಣಜದ ಮೇಲಂತಸ್ತಿನಲ್ಲಿ ನಾವು ವಾರದ ಮಟ್ಟಿಗೆ ಒಲೆ ಹಚ್ಚಿ ಅಡುಗೆ ಮಾಡಿಕೊಂಡು ಇದ್ದೆವು. ನಾನು, ಯಜಮಾನರು, ಮಗ, ಸೊಸೆ. ನನ್ನ ಬದುಕಿನಲ್ಲಿ ಅಷ್ಟು ವಿಶ್ರಾಂತಿ ಸಿಕ್ಕ ದಿನಗಳು ಬೇರೆ ಇಲ್ಲ.

ಅಲ್ಲಿ ಇದಕ್ಕೆ ಸೆಲ್ಫ್ ಕೇಟರಿಂಗ್ ಎನ್ನುತ್ತಾರೆ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಬೀಗದ ಕೈ ನಿಮ್ಮದು, ಮುಂದಿನ ಶನಿವಾರ ಬೆಳಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕು. ನಡುವೆ ಯಾರೂ ಬಾಗಿಲು ತಟ್ಟುವುದಿಲ್ಲ, ಹಾಸಿಗೆ ಮಡಿಸಲು ಬರುವುದಿಲ್ಲ, ತಿಂಡಿಗೆ ಎಷ್ಟು ಗಂಟೆಗೆ ಬರುತ್ತೀರಿ ಎಂದು ಕೇಳುವುದಿಲ್ಲ. ಬೇಯಿಸಿಕೊಳ್ಳುವುದು, ತೊಳೆದಿಡುವುದು, ಕಸ ವಿಂಗಡಿಸುವುದು ಎಲ್ಲ ನಮ್ಮದೇ.

ಮಗ ಈ ಏರ್ಪಾಡು ಹೇಳಿದಾಗ ಫೋನಿನಲ್ಲಿದ್ದ ನನ್ನ ತಂಗಿ, "ಅಷ್ಟು ದೂರ ಹೋಗಿಯೂ ಅಡುಗೆಯೇ ಅಕ್ಕಾ? ನಾಲ್ಕು ದಿನ ಹೋಟೆಲಿನಲ್ಲಿ ಕೈಕಟ್ಟಿ ಕೂತು ತಿನ್ನಬಾರದೇ?" ಎಂದು ನೊಂದುಕೊಂಡಳು. ಅವಳ ಮಾತು ತಪ್ಪಲ್ಲ. ನಮ್ಮ ಹೆಂಗಸರಿಗೆ ರಜೆ ಎಂದರೆ ಮೊದಲು ಅಡುಗೆಮನೆಯಿಂದ ರಜೆ. ಆದರೆ ನನ್ನ ಆಗಿನ ಸ್ಥಿತಿ ಬೇರೆಯಿತ್ತು, ಮಗ ಅದನ್ನು ಗಮನಿಸಿದ್ದ.

ಆ ವರ್ಷ ಜನವರಿಯಲ್ಲಿ ಅತ್ತೆಯವರು ತೀರಿಕೊಂಡಿದ್ದರು. ಅದಕ್ಕೂ ಮುಂಚೆ ಬಹಳ ಕಾಲ ಹಾಸಿಗೆ ಹಿಡಿದಿದ್ದರು. ಆರಕ್ಕೆ ಗಂಜಿ, ಎಂಟಕ್ಕೆ ಮಾತ್ರೆ, ಹನ್ನೊಂದಕ್ಕೆ ಎಳನೀರು, ಒಂದಕ್ಕೆ ಕಿವುಚಿದ ಅನ್ನ. ಸಾಗರದ ನಮ್ಮ ಮನೆಯಲ್ಲಿ ಗಡಿಯಾರ ನೋಡದೆ ಒಂದು ಪಾತ್ರೆ ಒಲೆಗೇರಿದ್ದಿಲ್ಲ. ಅವರ ಸೇವೆ ನನಗೆ ಭಾರವೆನಿಸಿರಲಿಲ್ಲ. ಮದುವೆಯಾಗಿ ಬಂದ ಹುಡುಗಿಗೆ ಕೆಲಸಕ್ಕೆ ಹೋಗು, ಬಿ.ಎಡ್. ಓದು ಎಂದು ಬೆನ್ನು ತಟ್ಟಿದವರು ಅವರೇ. ಆದರೆ ಅವರು ಹೋದ ಮೇಲೂ ನನ್ನ ಮೈ ಆ ವೇಳಾಪಟ್ಟಿಯನ್ನು ಬಿಡಲಿಲ್ಲ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮಗನ ಮನೆಗೆ ಬಂದರೂ ಬೆಳಗಿನ ಜಾವವೇ ಎಚ್ಚರ, ಹನ್ನೊಂದಾದರೆ ಏನೋ ಮರೆತ ಹಾಗೆ ಚಡಪಡಿಕೆ. ಸೊಸೆ ಪ್ರೀತಿಯಿಂದಲೇ ನನ್ನ ಕೈಗೆ ಕೆಲಸ ಕೊಡುತ್ತಿರಲಿಲ್ಲ. ಕೈ ಖಾಲಿಯಾದಷ್ಟೂ ಚಡಪಡಿಕೆ ಹೆಚ್ಚುತ್ತಿತ್ತು.

ರೈಲಿನಲ್ಲಿ ಎಡಿನ್‌ಬರೋ, ಅಲ್ಲಿಂದ ಬಾಡಿಗೆ ಕಾರು. ಅಬರ್‌ಫೆಲ್ಡಿಗೂ ಹಿಂದೆ ರೈಲಿತ್ತು, 1965ರಲ್ಲಿ ಆ ಕವಲು ಹಳಿಯನ್ನು ಮುಚ್ಚಿದರು. ಊರು ತನ್ನ ಪಾಡಿಗೆ ತಾನು ಉಳಿದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಮನೆಯ ಗೋಡೆ ಕಲ್ಲಿನದು, ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕೂರುವಷ್ಟು ದಪ್ಪ. ಮಾಡಿಗೆ ಸ್ಲೇಟ್ ಕಲ್ಲಿನ ಹೊದಿಕೆ. ಹಿಂದೆ ಮೇಲೆ ಓಟ್ಸು, ಬಾರ್ಲಿ ತುಂಬಿಡುತ್ತಿದ್ದರಂತೆ, ಕೆಳಗೆ ದನ ಕಟ್ಟುತ್ತಿದ್ದರಂತೆ. ಈಗ ಮೇಲೊಂದು ಬಿಡಾರ, ಕೆಳಗೊಂದು ಬಿಡಾರ. ಬಾಗಿಲು ತೆಗೆದು ಒಳಗೆ ಹೋದರೆ ಮೇಜಿನ ಮೇಲೆ ಒಂದು ಬ್ರೆಡ್ಡು, ಬೆಣ್ಣೆ, ಮೊಟ್ಟೆ, ಓಟ್‌ಕೇಕಿನ ಪೊಟ್ಟಣ. ಫ್ರಿಜ್ಜಿನಲ್ಲಿ ಹಾಲು. ಪಕ್ಕದಲ್ಲಿ ಮನೆಯೊಡತಿ ಕೈಯಾರೆ ಬರೆದ ಚೀಟಿ ಮತ್ತು ದಪ್ಪ ಫೈಲು. ಯಾವ ಕಸ ಯಾವ ಡಬ್ಬಿಗೆ, ಸೌದೆ ಒಲೆ ಹೊತ್ತಿಸುವುದು ಹೇಗೆ, ಡಾಕ್ಟರು ಎಲ್ಲಿ, ಫೋನಿನ ಸಿಗ್ನಲ್ ಹೊಲದ ಯಾವ ಮೂಲೆಯಲ್ಲಿ ಸಿಗುತ್ತದೆ, ಎಲ್ಲ ಅದರಲ್ಲಿತ್ತು. ಬಾಗಿಲ ಹಿಂದೆ ಪರವಾನಗಿಯ ಸಂಖ್ಯೆ ಅಂಟಿಸಿದ್ದರು. 2023ರ ಅಕ್ಟೋಬರಿನಿಂದ ಸ್ಕಾಟ್ಲೆಂಡಿನಲ್ಲಿ ಹೀಗೆ ಅಲ್ಪಾವಧಿಗೆ ಮನೆ ಕೊಡುವವರಿಗೆ ಕೌನ್ಸಿಲಿನ ಪರವಾನಗಿ ಕಡ್ಡಾಯ.

ಮಗ ನನಗೆ ಮೊದಲು ತೋರಿಸಿದ್ದು ಒಳಚಾವಣಿಗೆ ಬಡಿದಿದ್ದ ಬಿಳಿ ಬಿಲ್ಲೆಗಳನ್ನು. 2022ರ ಫೆಬ್ರುವರಿಯಿಂದ ಅಲ್ಲಿನ ಪ್ರತಿ ಮನೆಯಲ್ಲೂ ಒಂದಕ್ಕೊಂದು ಜೋಡಿಸಿದ ಅಲಾರಂ ಇರಬೇಕೆಂದು ಕಾನೂನಿದೆ. ಹಜಾರದ್ದು ಹೊಗೆಗೆ ಕೂಗುತ್ತದೆ, ಅಡುಗೆಮನೆಯದು ಶಾಖಕ್ಕೆ. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಹಾಗಾಗಿ ಒಗ್ಗರಣೆಗೆ ಒಂದು ಕ್ರಮ ಮಾಡಿಕೊಂಡೆವು. ಹಜಾರದ ಬಾಗಿಲು ಹಾಕುವುದು, ಕಿಟಕಿ ತೆಗೆಯುವುದು, ಎಣ್ಣೆ ಹೊಗೆಯಾಡುವ ಮುಂಚೆಯೇ ಸಾಸಿವೆ ಹಾಕಿ ಮುಚ್ಚುವುದು. ಒಂದು ಸಲವೂ ಅಲಾರಂ ಕೂಗಲಿಲ್ಲ.

ಈಗ ನೀರಿನ ವಿಷಯ ಹೇಳಬೇಕು.

ರೆಡಿಂಗ್‌ನಲ್ಲಿ ಸುಣ್ಣಕಲ್ಲಿನ ನೆಲದ ನೀರು. ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಚಹಾದ ಮೇಲೆ ತೆಳುವಾದ ಕೆನೆಯಂಥದ್ದೇನೋ ತೇಲುತ್ತದೆ. ತೊಗರಿಬೇಳೆ ಎಷ್ಟು ಕೂಗಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು. ಬೇಳೆ ಹಳೆಯದು ಎಂದುಕೊಂಡು ಅಂಗಡಿ ಬದಲಾಯಿಸಿದ್ದಳು ಸೊಸೆ. ಕಾರಣ ನೀರಿನ ಕ್ಯಾಲ್ಸಿಯಂ. ಅದು ಬೇಳೆಯ ಪೆಕ್ಟಿನ್ ಜೊತೆ ಸೇರಿ ಕಾಳು ಮೆತ್ತಗಾಗದಂತೆ ತಡೆಯುತ್ತದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ನೀರು ಹರಿಯುವುದು ಗಟ್ಟಿ ಶಿಲೆಯ ಮೇಲೆ, ಜೌಗಿನ ಹುಲ್ಲಿನ ನಡುವೆ. ಅದಕ್ಕೆ ಸುಣ್ಣದ ಸೋಂಕು ಕಡಿಮೆ. ಮೊದಲ ಸಂಜೆ ನಾವು ಒಯ್ದಿದ್ದ ಪುಟ್ಟ ಕುಕ್ಕರಿನಲ್ಲಿ ಬೇಳೆ ಇಟ್ಟು ತೆಗೆದರೆ ಸೌಟು ತಾಗಿಸುವ ಮೊದಲೇ ಕರಗಿ ಹೋಗಿತ್ತು. ಸಾಗರದಲ್ಲಿ ನಮ್ಮ ಬಾವಿಯ ನೀರಿನಲ್ಲಿ ಬೇಯುವ ಹಾಗೆಯೇ. ಸಾರಿನ ಪುಡಿ ಬಿದ್ದು ಕುದಿ ಬಂದಾಗ ಎದ್ದ ಘಮಕ್ಕೆ ಯಜಮಾನರು ಮಹಡಿಯ ಮೆಟ್ಟಿಲ ಮೇಲೆ ಶೂ ಬಿಚ್ಚುತ್ತಿದ್ದವರು ಹಾಗೇ ತಲೆ ಎತ್ತಿದರು. ಮರುದಿನ ಬೆಳಗ್ಗೆ ಫಿಲ್ಟರಿನಿಂದ ಇಳಿದ ಡಿಕಾಕ್ಷನ್ನೂ ಹಾಗೆಯೇ, ಬಣ್ಣವೂ ರುಚಿಯೂ ಮನೆಯದೇ. ಆ ಸೀಮೆಯವರು ತಮ್ಮ ವಿಸ್ಕಿಗೆ ನೀರೇ ಮುಖ್ಯ ಎನ್ನುತ್ತಾರೆ. ಪೇಟೆಯ ಅಂಚಿನಲ್ಲಿ 1898ರಲ್ಲಿ ಶುರುವಾದ ಡ್ಯೂವರ್ಸ್ ಭಟ್ಟಿಯಿದೆ, ಅದರ ಒಳಗೆ ನಾವು ಹೋಗಲಿಲ್ಲ. ಆದರೆ ನೀರಿನ ಬಗ್ಗೆ ಅವರು ಹೇಳುವುದು ನಿಜ ಎಂದು ನಾನು ಬೇಳೆಯ ಆಣೆಯಾಗಿ ಹೇಳಬಲ್ಲೆ.

ಎರಡನೆಯ ದಿನ ಹಾಲಿಗೆಂದು ಪೇಟೆಗೆ ನಡೆದು ಹೋಗುವಾಗ ದಾರಿಬದಿಯಲ್ಲಿ ಒಂದು ಮರದ ಪೆಟ್ಟಿಗೆ ಕಂಡಿತು. ಮೇಲೆ ಪುಟ್ಟ ಮಾಡು, ಒಳಗೆ ಮೊಟ್ಟೆ, ರೂಬಾರ್ಬ್ ದಂಟಿನ ಕಟ್ಟುಗಳು, ಬೆಲೆ ಬರೆದ ಹಲಗೆ, ದುಡ್ಡು ಹಾಕಲು ಒಂದು ಡಬ್ಬಿ. ಕಾಯುವವರು ಯಾರೂ ಇಲ್ಲ. ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಇಂಥವು ಬೇಕಾದಷ್ಟಿವೆ. ತೆಗೆದುಕೊಂಡವರು ದುಡ್ಡು ಹಾಕಿ ಹೋಗುತ್ತಾರೆ. ನಾನು ನಾಣ್ಯ ಹಾಕಿ ಒಂದು ಕಟ್ಟು ರೂಬಾರ್ಬ್ ತಂದೆ.

ಬೆರಳಿಗಿಂತ ದಪ್ಪನೆಯ ದಂಟು, ಬುಡದಲ್ಲಿ ಕೆಂಪು, ಮೇಲೆ ಹೋದಂತೆ ಹಸಿರು. ಅದರ ಎಲೆ ವಿಷ, ಆಕ್ಸಾಲಿಕ್ ಆಮ್ಲ ಹೆಚ್ಚು, ಬಾಯಿಗೆ ಹಾಕುವಂತಿಲ್ಲ. ದಂಟು ಮಾತ್ರ ಅಡುಗೆಗೆ. ಅಲ್ಲಿನವರು ಸಕ್ಕರೆ ಸುರಿದು ಸಿಹಿ ಮಾಡುತ್ತಾರೆ. ಹುಳಿ ಕಂಡ ಮೇಲೆ ಮಲೆನಾಡಿನವಳಿಗೆ ಗೊಜ್ಜು ಬಿಟ್ಟು ಬೇರೇನು ತೋಚುತ್ತದೆ? ನಾರು ಎಳೆಯದೆ ಸಣ್ಣಗೆ ಹೆಚ್ಚಿ, ತಳ ತೋಯುವಷ್ಟು ನೀರು ಹಾಕಿ ಇಟ್ಟೆ. ನೋಡನೋಡುತ್ತಲೇ ಹೋಳುಗಳು ಬಣ್ಣ ಬಿಟ್ಟು ಎಳೆಎಳೆಯಾಗಿ ಬಿಡಿಸಿಕೊಂಡವು. ಉಪ್ಪು, ಸಾರಿನ ಪುಡಿ, ಬೆಲ್ಲದ ಬದಲು ಕಂದು ಸಕ್ಕರೆ, ಇಂಗಿನ ಒಗ್ಗರಣೆ. ಬಿಸಿ ಅನ್ನಕ್ಕೆ ಕಲಸಿ ಮೊದಲ ತುತ್ತು ಬಾಯಿಗಿಟ್ಟ ಸೊಸೆ ಮಾತಾಡದೆ ಎರಡನೆಯ ಸಲ ಬಡಿಸಿಕೊಂಡಳು.

ಒಂದು ಬಟ್ಟಲು ತೆಗೆದುಕೊಂಡು ಮನೆಯೊಡತಿಗೂ ಕೊಡಲು ಹೋದೆ. ಅವರು ಅಂಗಳದಲ್ಲಿ ಬೂಟು ತೊಳೆಯುತ್ತಿದ್ದರು. ಬೆರಳಲ್ಲೇ ನೆಕ್ಕಿ ನೋಡಿ, ತಮ್ಮ ಅತ್ತೆ ರೂಬಾರ್ಬಿಗೆ ಶುಂಠಿ ಹಾಕಿ ಜಾಮ್ ಮಾಡುತ್ತಿದ್ದರೆಂದೂ ಈಗ ಅವರ ಕೈ ಬರುವುದಿಲ್ಲವೆಂದೂ ಹೇಳಿದರು. ಅತ್ತೆ ಅವರ ಮನೆಯ ಕೆಳಗಿನ ಕೋಣೆಯಲ್ಲಿ ಮಲಗಿದ್ದರು, ತೊಂಬತ್ತರ ಹತ್ತಿರ ವಯಸ್ಸು. ಮಾತಾಡುತ್ತ ಇರುವಾಗಲೇ ಮನೆಯೊಡತಿ ಕೈಗಡಿಯಾರ ನೋಡಿ, "ಮಾತ್ರೆಯ ಹೊತ್ತು" ಎಂದು ಒಳಗೆ ಹೋದರು. ನಾನು ಅಂಗಳದಲ್ಲೇ ನಿಂತೆ. ಅವರು ಮರಳಿ ಬಂದ ಮೇಲೆ ನನ್ನ ಅತ್ತೆಯ ವಿಷಯ ಹೇಳಿದೆ. ಊರು ಬಿಟ್ಟ ಮೇಲೆ ಅತ್ತೆಯವರ ಬಗ್ಗೆ ನಾನು ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು. ನನ್ನ ಇಂಗ್ಲಿಷ್ ಮೇಷ್ಟರ ಇಂಗ್ಲಿಷ್, ಅವರದು ಬೆಟ್ಟದ ಸೀಮೆಯದು. ಆದರೂ ಗಂಜಿ ಎಷ್ಟು ತೆಳ್ಳಗಿರಬೇಕು, ಮಗ್ಗುಲು ಹೇಗೆ ಬದಲಿಸಬೇಕು, ರಾತ್ರಿ ಕೂಗಿದರೆ ಎಚ್ಚರವಾಗುವಂತೆ ಬಾಗಿಲು ಎಷ್ಟು ತೆರೆದಿಡಬೇಕು ಎಂಬ ಮಾತಿಗೆಲ್ಲ ಭಾಷೆ ಸಾಕಾಯಿತು. ಅಂದು ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಅಡುಗೆ ಹೆಂಗಸನ್ನು ದಣಿಸುತ್ತದೆ ಎನ್ನುತ್ತೇವೆ. ಅಬರ್‌ಫೆಲ್ಡಿಯ ಆ ಒಲೆಯ ಮುಂದೆ ನಿಂತು ನನಗೆ ಗೊತ್ತಾದದ್ದು, ದಣಿಸುವುದು ಹೊತ್ತು. ಇನ್ನೊಬ್ಬರ ಬಸ್ಸಿನ ಹೊತ್ತು, ಆಫೀಸಿನ ಹೊತ್ತು, ಔಷಧಿಯ ಹೊತ್ತು. ಅಲ್ಲಿ ಹಸಿವಾದಾಗ ಬೇಯಿಸಿದೆವು. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ, ಬೆಳಗಾಗುವುದು ನಾಲ್ಕೂವರೆಗೆ. ಬೆಳಕನ್ನು ನೋಡಿ ಊಟದ ಹೊತ್ತು ಹೇಳಲು ಆಗುವುದೇ ಇಲ್ಲ. ಎರಡನೆಯ ದಿನ ನಾನು ಗೋಡೆ ಗಡಿಯಾರದ ಕಡೆ ನೋಡುವುದನ್ನು ಬಿಟ್ಟೆ. ಪಾತ್ರೆ ತೊಳೆಯುವುದನ್ನು ಯಜಮಾನರು ತಾವೇ ವಹಿಸಿಕೊಂಡರು. ಕಿಟಕಿಯಿಂದ ಕುರಿಮರಿಗಳು ಕಾಣುತ್ತವೆ ಎಂಬುದು ಅವರು ಕೊಟ್ಟ ಕಾರಣ.

ಪೇಟೆ ಚಿಕ್ಕದು, ಕಾಲಿಗೆ ದಕ್ಕುವಂಥದ್ದು. ಒಂದು ಚೌಕ, ಕೋ-ಆಪ್ ಅಂಗಡಿ, ಹಳೆಯ ಓಟ್ಸ್ ಗಿರಣಿಯಲ್ಲಿ 2005ರಲ್ಲಿ ತೆರೆದ ಪುಸ್ತಕದಂಗಡಿ. ಬರ್ಕ್ಸ್ ಎಂಬ ಸಿನಿಮಾ ಮಂದಿರವಿದೆ, 1939ರದು. ಮುಚ್ಚಿಹೋಗಿದ್ದ ಅದನ್ನು ಊರವರೇ ಹಣ ಕೂಡಿಸಿ 2013ರಲ್ಲಿ ಮತ್ತೆ ತೆರೆದಿದ್ದಾರೆ. ನಮ್ಮ ತಾಲ್ಲೂಕು ಪೇಟೆಗಳ ಎಷ್ಟು ಟಾಕೀಸುಗಳು ಕಲ್ಯಾಣ ಮಂಟಪಗಳಾದವು, ಗೋದಾಮುಗಳಾದವು ಎಂದು ನೆನೆದು ಹೊಟ್ಟೆ ಕಿವುಚಿತು.

ಊರ ಮಗ್ಗುಲಲ್ಲೇ ಮೊನೆಸ್ ಹಳ್ಳ. ಬರ್ಚ್ ಮರಗಳ ಕಮರಿಯಲ್ಲಿ ಹಳ್ಳದ ಒಂದು ದಂಡೆಯಿಂದ ಹತ್ತಿ, ಜಲಪಾತದ ಮೇಲಿನ ಸೇತುವೆ ದಾಟಿ, ಇನ್ನೊಂದು ದಂಡೆಯಿಂದ ಇಳಿಯುವ ಕಾಲುದಾರಿಯಿದೆ. ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಇಲ್ಲಿಗೆ ಬಂದು ಈ ಮರಗಳ ಮೇಲೆ ಹಾಡು ಕಟ್ಟಿದ. ಅವನ ಪ್ರತಿಮೆ ದಾರಿಯಲ್ಲಿ ಬೆಂಚಿನ ಮೇಲೆ ಕೂತಿದೆ, ಪಕ್ಕದಲ್ಲಿ ಇನ್ನೊಬ್ಬರು ಕೂರಲು ಜಾಗ ಬಿಟ್ಟು. ನೆಲದ ತುಂಬ ನೀಲಿ ಹೂ, ತೇವದ ಕಡೆಯಲ್ಲಿ ಕಾಡು ಬೆಳ್ಳುಳ್ಳಿಯ ಬಿಳಿ ಹೂ, ಜರಿಗಿಡ, ಕಲ್ಲಿನ ಮೇಲೆ ಪಾಚಿ. ಮಳೆ ಬರುತ್ತಿತ್ತು. ನಮ್ಮಲ್ಲಿ ಆಷಾಢದಲ್ಲಿ ಸುರಿಯುವಂಥ ಮಳೆ ಅದಲ್ಲ, ಕೊಡೆ ಬಿಚ್ಚಲೋ ಬೇಡವೋ ಎಂದು ಕಾಡುವ ತೆಳ್ಳನೆಯ ಮಳೆ. ಅಲ್ಲಿನವರು ಅದಕ್ಕಾಗಿ ಯಾವ ಕೆಲಸವನ್ನೂ ನಿಲ್ಲಿಸುವುದಿಲ್ಲ. ನಾವೂ ನಿಲ್ಲಿಸಲಿಲ್ಲ. ಗಾಳಿ ನಿಂತ ಸಂಜೆಗಳಲ್ಲಿ ಮಾತ್ರ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮುತ್ತಿಕೊಂಡಾಗ ಕಿಟಕಿ ಮುಚ್ಚಿ ಒಳಗೆ ಕೂತೆವು.

ನಡೆಯುವವರಿಗೆ ಆ ದೇಶ ಕೊಟ್ಟಿರುವ ಹಕ್ಕನ್ನು ನಾನು ಮರೆಯಲಾರೆ. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಬಹುತೇಕ ಯಾವುದೇ ನೆಲದ ಮೇಲೂ, ಖಾಸಗಿ ಎಸ್ಟೇಟಿನ ಮೇಲೂ, ಜವಾಬ್ದಾರಿಯಿಂದ ನಡೆದುಹೋಗುವ ಹಕ್ಕು ಎಲ್ಲರಿಗೂ ಇದೆ. ಮನೆಯಂಗಳ, ಬೆಳೆ ನಿಂತ ಹೊಲದಂಥವು ಬಿಟ್ಟು. ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿ ಹೋಗಿ, ಕುರಿಗಳಿರುವಲ್ಲಿ ನಾಯಿಗೆ ಹಗ್ಗ ಹಾಕಿ, ಇಷ್ಟೇ ಕಟ್ಟಳೆ. ನಾನು ಅರವತ್ತು ದಾಟಿದ ಹೆಂಗಸು, ಬೆಳಗ್ಗೆ ಒಬ್ಬಳೇ ಹೊರಟು ಗೊತ್ತಿಲ್ಲದವರ ಹೊಲದ ಬದುವಿನ ಮೇಲೆ, ಬೇಲಿಗೆ ಕಟ್ಟಿದ ಮರದ ಮೆಟ್ಟಿಲು ಹತ್ತಿಳಿದು, ಟೇ ನದಿಯವರೆಗೆ ಹೋಗಿ ಬರುತ್ತಿದ್ದೆ. ಎದುರಾದವರು ಹವೆಯ ಬಗ್ಗೆ ಒಂದು ಮಾತಾಡಿ ಹೋಗುತ್ತಿದ್ದರು. ದೂರದ ಕಾಡಂಚಿನಲ್ಲಿ ಅಲ್ಲಿಯ ಕೋಗಿಲೆ ಕೂಗುತ್ತಿತ್ತು, ಎರಡೇ ಸ್ವರ, ಗಡಿಬಿಡಿಯಿಲ್ಲದ್ದು. ನದಿಯ ದಂಡೆಯಲ್ಲಿ ಒಂದು ಮರದ ಬುಡ ಪೆನ್ಸಿಲ್ ಹೆರೆದ ಆಕಾರದಲ್ಲಿತ್ತು. ಬೀವರ್ ಕಡಿದದ್ದು. ಶತಮಾನಗಳ ಹಿಂದೆ ಅಳಿದುಹೋಗಿದ್ದ ಈ ಪ್ರಾಣಿ ಟೇ ಜಲಾನಯನದಲ್ಲಿ ಮತ್ತೆ ನೆಲೆಯೂರಿದೆ, 2019ರಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಹೊಲಕ್ಕೆ ನೀರು ನುಗ್ಗಿಸುತ್ತದೆ ಎಂದು ರೈತರಿಗೆ ಅದರ ಮೇಲೆ ಸಿಟ್ಟೂ ಇದೆ.

ಆ ನದಿಗೆ 1733ರಲ್ಲಿ ಜನರಲ್ ವೇಡ್ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ಬಳಕೆಯಲ್ಲಿದೆ. ಅದರ ಪಕ್ಕದ ಹುಲ್ಲುಗಾವಲಿನಲ್ಲಿ ಕಲ್ಲುಗುಡ್ಡೆಯ ಮೇಲೆ ನಿಂತ ಸೈನಿಕನ ಪ್ರತಿಮೆ. ಬ್ಲ್ಯಾಕ್ ವಾಚ್ ರೆಜಿಮೆಂಟು 1740ರಲ್ಲಿ ಮೊದಲು ಜಮಾಯಿಸಿದ್ದು ಇದೇ ದಂಡೆಯಲ್ಲಿ. ಅದರ ನೆನಪಿಗೆ 1887ರಲ್ಲಿ ನಿಲ್ಲಿಸಿದ ಸ್ಮಾರಕ. ನನ್ನ ತವರು ಮಂಗಳೂರು. ಆ ರೆಜಿಮೆಂಟಿನ ಹೆಸರು ಕಂಡ ಕೂಡಲೇ ನಿಂತುಬಿಟ್ಟೆ. ಬ್ಲ್ಯಾಕ್ ವಾಚಿನ ಎರಡನೆಯ ಬೆಟಾಲಿಯನ್ 1783ರಲ್ಲಿ ಮಂಗಳೂರು ಕೋಟೆಯೊಳಗಿತ್ತು. ಕರ್ನಲ್ ಜಾನ್ ಕ್ಯಾಂಬೆಲ್ ಅದರ ಮುಖ್ಯಸ್ಥ, ಜೊತೆಗೆ ಬಾಂಬೆಯ ಸಿಪಾಯಿಗಳು. ಹೊರಗೆ ಟಿಪ್ಪು ಸುಲ್ತಾನನ ಮುತ್ತಿಗೆ. ತಿಂಗಳುಗಟ್ಟಲೆ ನಡೆದು, ಒಳಗೆ ಆಹಾರ ಮುಗಿದು, ರೋಗ ಹರಡಿ, 1784ರ ಜನವರಿ ಕೊನೆಯಲ್ಲಿ ಅವರು ಕೋಟೆ ಬಿಟ್ಟುಕೊಟ್ಟರು. ಕ್ಯಾಂಬೆಲ್ ಬಾಂಬೆ ತಲುಪಿ ಮಾರ್ಚಿನಲ್ಲೇ ಸತ್ತ. ಅದೇ ತಿಂಗಳು ಮಂಗಳೂರು ಒಪ್ಪಂದವಾಯಿತು.

ಚಿಕ್ಕಂದಿನಲ್ಲಿ ಬೋಳೂರಿನ ಸುಲ್ತಾನ್ ಬತ್ತೇರಿಯ ಮೇಲೆ ಹತ್ತಿ ಆಡಿದವಳು ನಾನು. ಶಾಲೆಯಲ್ಲಿ ಆ ಯುದ್ಧದ ಪಾಠ ಮಾಡಿದವಳೂ ಹೌದು. ಪಾಠದಲ್ಲಿ ಬ್ರಿಟಿಷರು ಎಂಬ ಒಂದೇ ಹೆಸರಿತ್ತು. ಈ ತಣ್ಣನೆಯ ಕಣಿವೆಯ, ಮೃದು ನೀರಿನ, ಓಟ್ಸಿನ ಗಂಜಿಯ ಹುಡುಗರು ಮಂಗಳೂರಿನ ಕೋಟೆಯಲ್ಲಿ ಅಕ್ಕಿಯೂ ಸಿಗದೆ ಸತ್ತರು ಎಂಬುದು ಅಲ್ಲಿ ನಿಂತಾಗಲೇ ತಟ್ಟಿದ್ದು. ಅವರು ಬಂದದ್ದು ನ್ಯಾಯವೆಂದು ನಾನು ಹೇಳಲಾರೆ. ಮುತ್ತಿಗೆಯ ಎರಡೂ ಕಡೆ ಸತ್ತ ನಮ್ಮವರ ಹೆಸರಿಗೆ ಎಲ್ಲೂ ಕಲ್ಲಿಲ್ಲ ಎಂಬ ನೋವೂ ಇದೆ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡೇ ಮನೆಗೆ ಬಂದು ಗಂಜಿ ಬೇಯಿಸಿದೆ, ಓಟ್ಸಿನದೇ.

ನೋಡಲೆಂದು ದೂರ ಹೋದದ್ದು ಕಡಿಮೆ. ಫೋರ್ಟಿಂಗಲ್ ಎಂಬ ಹಳ್ಳಿಯ ಚರ್ಚಿನಂಗಳದಲ್ಲಿ ಯೂ ಮರವೊಂದಿದೆ. ಅದರ ವಯಸ್ಸನ್ನು ಎರಡು ಸಾವಿರದಿಂದ ಐದು ಸಾವಿರ ವರ್ಷದವರೆಗೆ ಬೇರೆಬೇರೆಯವರು ಅಂದಾಜು ಮಾಡಿದ್ದಾರೆ. ನಡುವಿನ ಕಾಂಡ ಎಂದೋ ಕರಗಿ ಹೋಗಿ ಸುತ್ತಲಿನ ತುಂಡುಗಳು ಬೇರೆ ಮರಗಳ ಹಾಗೆ ನಿಂತಿವೆ. ಅದು ಗಂಡು ಮರ. 2015ರಲ್ಲಿ ಅದರ ಒಂದು ಕೊಂಬೆ ಮಾತ್ರ ಹೆಣ್ಣಾಗಿ ಕೆಂಪು ಹಣ್ಣು ಬಿಟ್ಟಿತು. ಅಷ್ಟು ವಯಸ್ಸಿನಲ್ಲೂ ಬದಲಾಗುವ ಜೀವ ಎಂದು ಮಗ ಬೆರಗಾದ. ಕಿಟಕಿಯಿಂದ ಕಾಣದ, ಆದರೆ ದಿಬ್ಬ ಹತ್ತಿದರೆ ಕಾಣುವ ಶಿಹಾಲಿಯನ್ ಶಿಖರದ ಕತೆಯನ್ನೂ ಅವನೇ ಹೇಳಿದ್ದು. 1774ರಲ್ಲಿ ಖಗೋಳ ವಿಜ್ಞಾನಿ ಮ್ಯಾಸ್ಕೆಲಿನ್ ಆ ಬೆಟ್ಟದ ಎರಡೂ ಮಗ್ಗುಲಲ್ಲಿ ತೂಗುಗುಂಡು ಇಳಿಬಿಟ್ಟು, ಬೆಟ್ಟ ಅದನ್ನು ತನ್ನ ಕಡೆ ಎಷ್ಟು ಎಳೆಯುತ್ತದೆಂದು ಅಳೆದ. ಅದರಿಂದ ಭೂಮಿಯ ಸಾಂದ್ರತೆಯನ್ನು ಲೆಕ್ಕ ಹಾಕಿದರು. ಲೆಕ್ಕ ಮಾಡಿದ ಹಟನ್, ಬೆಟ್ಟದ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿದ. ನಾನು ಮೂವತ್ತು ವರ್ಷ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ ಸಮೋನ್ನತಿ ರೇಖೆಗಳಿಗೆ ಈ ಬೆಟ್ಟದ ಋಣವಿದೆ ಎಂದು ತಿಳಿದಾಗ ಮಂಜು ಸರಿಯುವವರೆಗೆ ಕಾದು ಅದನ್ನು ನೋಡಿದೆ.

ನನಗೆ ಬಹಳ ಹಿಡಿಸಿದ್ದು ಟೇ ಸರೋವರದ ದಂಡೆಯ ಕ್ರಾನಾಗ್ ಕೇಂದ್ರ. ಎರಡೂವರೆ ಸಾವಿರ ವರ್ಷದ ಹಿಂದೆ ಅಲ್ಲಿನ ಜನ ನೀರಿನಲ್ಲಿ ಕಂಬ ನೆಟ್ಟು ಅದರ ಮೇಲೆ ಕ್ರಾನಾಗ್ ಎಂಬ ದುಂಡು ಮನೆ ಕಟ್ಟಿ ಬಾಳುತ್ತಿದ್ದರು. ಆ ಕೇಂದ್ರದವರು ಕಟ್ಟಿದ್ದ ಮಾದರಿ ಮನೆ 2021ರ ಜೂನಿನಲ್ಲಿ ಬೆಂಕಿಗೆ ಆಹುತಿಯಾಯಿತು. 2024ರ ಏಪ್ರಿಲಿನಲ್ಲಿ ಎದುರು ದಂಡೆಯಲ್ಲಿ ಹೊಸ ಕೇಂದ್ರ ತೆರೆದರು. ನಾವು ಹೋದದ್ದು ಅದಾದ ಸ್ವಲ್ಪ ದಿನಕ್ಕೆ. ಸರೋವರದ ತಳದ ಕೆಸರಿನಲ್ಲಿ ಗಾಳಿ ಸೋಕದೆ ಉಳಿದ ಸಾಮಾನುಗಳಲ್ಲಿ ಒಂದು ಮರದ ಬೆಣ್ಣೆ ಪಾತ್ರೆ ಸಿಕ್ಕಿತ್ತು, ಒಳಗೆ ಬೆಣ್ಣೆಯ ಅಂಶ ಅಂಟಿಕೊಂಡೇ ಇತ್ತು. ಕಡೆದ ಬೆಣ್ಣೆಯನ್ನು ಯಾವಳೋ ಒಬ್ಬಳು ತೆಗೆದಿಟ್ಟಿದ್ದಾಳೆ. ಅವಳ ಕೋಟೆ, ರಾಜ, ದೇವರು ಯಾವುದೂ ನಮಗೆ ತಿಳಿಯದು. ಅವಳ ಮನೆಯಲ್ಲಿ ಬೆಣ್ಣೆ ಇತ್ತು ಎಂಬುದು ತಿಳಿದಿದೆ. ಯಾವ ಅರಮನೆಯ ವಸ್ತು ಸಂಗ್ರಹಾಲಯವೂ ನನಗೆ ಅಷ್ಟು ಹತ್ತಿರವೆನಿಸಿರಲಿಲ್ಲ.

ಅದೇ ಸರೋವರದ ಮೇಲಿನ ಇಳಿಜಾರಿನಲ್ಲಿ ಮಾಡಿಲ್ಲದ ಕಲ್ಲುಮನೆಗಳ ಗೋಡೆಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಮೀನುದಾರರು ಕುರಿಗಾಗಿ ಒಕ್ಕಲೆಬ್ಬಿಸಿದವರ ಮನೆಗಳು. ಶರಾವತಿ ಮುಳುಗಡೆಯಲ್ಲಿ ಊರು ಕಳೆದುಕೊಂಡವರ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಗೋಡೆಗಳ ಬಳಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಈಗ ಆ ಸೀಮೆಯಲ್ಲಿ ಇನ್ನೊಂದು ತೆರನ ಚಿಂತೆಯಿದೆ. ಒಳ್ಳೆಯ ಮನೆಗಳೆಲ್ಲ ರಜೆಗೆ ಬರುವ ನಮ್ಮಂಥವರ ಪಾಲಾದರೆ ಊರಿನ ಹುಡುಗ ಹುಡುಗಿಯರಿಗೆ ಬಾಡಿಗೆಗೂ ಮನೆ ಸಿಗುವುದಿಲ್ಲ. ಪರವಾನಗಿಯ ಕಾನೂನು ಬಂದದ್ದರ ಹಿಂದೆ ಈ ದೂರೂ ಇತ್ತು. ಹಾಳುಬಿದ್ದ ಕಣಜವನ್ನು ಬಿಡಾರ ಮಾಡಿದರೆ ಯಾರ ಮನೆಯೂ ಹೋಗುವುದಿಲ್ಲ, ಕುರಿಯಿಂದ ಹುಟ್ಟದ ಆದಾಯ ರೈತನಿಗೆ ಹುಟ್ಟುತ್ತದೆ. ಜನ ವಾಸವಿದ್ದ ಮನೆಯನ್ನೇ ಖಾಲಿ ಮಾಡಿಸಿ ಪ್ರವಾಸಿಗೆ ಕೊಡುವುದು ಬೇರೆ ಮಾತು. ಉಳಿಯುವ ಜಾಗ ಹುಡುಕುವಾಗ ಇದನ್ನು ಕೇಳಿ ತಿಳಿಯುವುದು ನಮ್ಮ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಹೊರಡುವ ಮುನ್ನಾದಿನ ಬೆಳಗಿನಿಂದ ಮಳೆ. ಯಾರೂ ಹೊರಗೆ ಕಾಲಿಡಲಿಲ್ಲ. ಸೌದೆ ಒಲೆ ಹೊತ್ತಿಸಿ, ಮಗ ಲಟ್ಟಣಿಗೆ ಹುಡುಕಿ ತೆಗೆದ. ಅವರ ಲಟ್ಟಣಿಗೆ ನಮ್ಮದಕ್ಕಿಂತ ದಪ್ಪ, ಚಪಾತಿಗೆ ಭಾರ. ಅವನು ಲಟ್ಟಿಸಿದ, ಸೊಸೆ ಬೇಯಿಸಿದಳು, ಯಜಮಾನರು ಅತಿಥಿಗಳ ಪುಸ್ತಕದಲ್ಲಿ ಹಿಂದೆ ಇದ್ದವರು ಬರೆದದ್ದನ್ನು ಓದಿ ಹೇಳಿದರು. ನಾನು ಕಿಟಕಿಯ ಕಟ್ಟೆಯ ಮೇಲೆ ಕೂತು ಅತ್ತೆಯವರಿಗೆ ಇಷ್ಟವಾಗುತ್ತಿದ್ದ ಕಾಯಿಹಾಲಿನ ಗಂಜಿ ಮಾಡುವ ಬಗೆಯನ್ನು ಸೊಸೆಗೆ ಹೇಳಿಕೊಟ್ಟೆ. ಹನ್ನೊಂದು ಯಾವಾಗ ಕಳೆಯಿತೋ ನನ್ನ ಗಮನಕ್ಕೇ ಬರಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಕಡೆಯ ಹೋಮ್‌ಸ್ಟೇ ನಡೆಸುವ ಪರಿಚಿತರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ, ಈಗ ಓದುಗರಲ್ಲಿ ಇರಬಹುದಾದ ಮಲೆನಾಡಿನ, ಕೊಡಗಿನ ಮಾಲೀಕರಿಗೂ ಹೇಳುತ್ತೇನೆ. ನಿಮ್ಮ ಕೈಯಡುಗೆ ಬಹಳ ರುಚಿ, ಅದನ್ನು ಬಿಡಬೇಡಿ. ಆದರೆ ಒಂದಾದರೂ ಬಿಡಾರದಲ್ಲಿ ಎರಡು ಒಲೆ, ಒಂದು ಕುಕ್ಕರು, ನಾಲ್ಕು ಪಾತ್ರೆ, ತುರಿಮಣೆ ಇಟ್ಟು, ಮೊದಲ ದಿನಕ್ಕೆ ಹಾಲು, ತೆಂಗಿನಕಾಯಿ, ತೋಟದ ನಾಲ್ಕು ತರಕಾರಿ ಕೊಟ್ಟು, ಬೀಗದ ಕೈಯನ್ನು ಒಂದು ವಾರಕ್ಕೆ ಬಂದವರಿಗೇ ಒಪ್ಪಿಸಿ ನೋಡಿ. ಎರಡು ರಾತ್ರಿ ಇದ್ದು ಜಲಪಾತ ಎಣಿಸಿ ಹೋಗುವವರಿಗಿಂತ ಅವರು ನಿಮ್ಮ ಸಂತೆಯಲ್ಲಿ ಹೆಚ್ಚು ಕೊಳ್ಳುತ್ತಾರೆ, ನಿಮ್ಮ ಊರಿನವರ ಜೊತೆ ಹೆಚ್ಚು ಮಾತಾಡುತ್ತಾರೆ. ಮನೆಯಲ್ಲಿ ಬಹಳ ಕಾಲ ಯಾರನ್ನಾದರೂ ನೋಡಿಕೊಂಡು ಸೋತ ಹೆಂಗಸರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೆ ಅಂಥದ್ದೊಂದು ಮನೆ ಬೇಕು.